ಅಪ್ಪನ ಹಲ್ಲಿನ ಗುರುತು

ಪಟ್ಟಾಭಿರಾಮನ ತಾತ ನಶ್ಯ ಬಿಟ್ಟರೆ ಬೇರೆ ಯಾವ ರೂಪದಲ್ಲೂ ಹೊಗೆಸೊಪ್ಪು ಮುಟ್ಟಿದವರಲ್ಲ. ಆದರೆ ಅವತ್ತು ಬೆಳಗ್ಗೆ ವರ್ಕ್ಸ್ ಮ್ಯಾನೇಜರ್ ಕೃಷ್ಣಸ್ವಾಮಿಯವರ ಎದುರು ನಿಂತು ಮೊಮ್ಮಗ ಆ ತಾತನ ಬಾಯಿಗೆ ಒಂದು ಪೈಪು ಇಟ್ಟುಬಿಟ್ಟ.

ಅವನು ಹೋಗಿದ್ದದ್ದು ಶಿಫ್ಟು ಬದಲಾಯಿಸಿಕೊಡಿ ಎಂದು ಕೇಳುವುದಕ್ಕೆ. ಪೀಣ್ಯದಲ್ಲಿ ಆಗಿನ್ನೂ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನು ಗುಮಾಸ್ತ. ಮಗಳು ಅಮ್ಮಣ್ಣಿ ಹುಟ್ಟಿದಾಗಿನಿಂದ ಬರೀ ನೈಟ್ ಶಿಫ್ಟು. ದಾಸರಹಳ್ಳಿಯ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಅವನು ಮಲಗಬೇಕು. ಅವನು ಮಲಗಿರುವಷ್ಟು ಹೊತ್ತು ಹೆಂಡತಿ ಊರ್ಮಿಳಾ ಒಗ್ಗರಣೆಯನ್ನೂ ಸದ್ದಾಗದಂತೆ ಹಾಕಬೇಕು. ಅಮ್ಮಣ್ಣಿ ಮಾತು ಕಲಿತದ್ದೇ ಪಿಸುದನಿಯಲ್ಲಿ. ಹೋದ ವಾರ ಸ್ಕೂಲಿನ ಮೇಡಂ ಊರ್ಮಿಳಾಳನ್ನು ಕರೆಸಿ, "ಮಗೂಗೆ ಗಂಟಲಲ್ಲಿ ಏನಾದ್ರೂ ತೊಂದ್ರೆ ಇದ್ಯಾ? ಡಾಕ್ಟ್ರಿಗೆ ತೋರ್ಸಿ" ಎಂದಿದ್ದರು. ಆ ಮಾತು ಪಟ್ಟಾಭಿಯನ್ನು ನಿದ್ದೆಯಲ್ಲೂ ಬಿಟ್ಟಿರಲಿಲ್ಲ.

ಕೃಷ್ಣಸ್ವಾಮಿಯವರು ಅವನ ಮನವಿ ಕೇಳಿಸಿಕೊಳ್ಳುತ್ತಿರಲಿಲ್ಲ. ಕೈಯಲ್ಲಿದ್ದ ಹಳೆಯ ಪೈಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮರದ ಬಟ್ಟಲಿನೊಳಗೆ ಕರಿ ಕಿಟ್ಟ, ಬಾಗಿದ ಗಟ್ಟಿ ರಬ್ಬರಿನ ಕೊಳವೆಗೆ ಪಾಚಿಯ ಬಣ್ಣ.

"ನಮ್ ತಂದೆಯವರದ್ದು ಕಣ್ರೀ. ನಾಳೆ ಅವರ ತಿಥಿ. ಫೋಟೋ ಮುಂದೆ ಇಡೋಣಾಂದ್ರೆ ಈ ಅವತಾರದಲ್ಲಿದೆ. ಕ್ಲೀನ್ ಮಾಡೋಕೆ ಬರೋರೇ ಇಲ್ಲ."

"ಕೊಡಿ ಸಾರ್, ನಾನ್ ಮಾಡ್ಕೊಡ್ತೀನಿ. ನಮ್ಮ ತಾತ ಪೈಪು ಸೇದ್ತಿದ್ರು. ಚಿಕ್ಕವನಿದ್ದಾಗ ನಾನೇ ತೊಳೆದುಕೊಡ್ತಿದ್ದೆ" ಎಂದುಬಿಟ್ಟ ಪಟ್ಟಾಭಿ.

ಮ್ಯಾನೇಜರು ಮೊದಲ ಸಲ ಅವನ ಮುಖ ನೋಡಿದರು. "ಸಂಜೆ ಐದರೊಳಗೆ ತಂದ್ಕೊಡಿ. ಆಮೇಲೆ ನಿಮ್ ಶಿಫ್ಟ್ ವಿಚಾರ ಮಾತಾಡೋಣ. ಒಂದೇ ಮಾತು, ಇಲ್ಲಿ ಕಚ್ಚೋ ತುದಿಯಲ್ಲಿ ಹಲ್ಲಿನ ಗುರುತಿದೆ ನೋಡಿ, ಅಪ್ಪನ ಹಲ್ಲಿಂದು. ಅದನ್ನ ಮಾತ್ರ ಮುಟ್ಟಬೇಡಿ."

ಮನೆಗೆ ಬಂದು ಪೈಪನ್ನು ಚಾಪೆಯ ಮೇಲಿಟ್ಟಾಗ ಅದು ಕರು ಹಾಕಲು ನಿಂತ ಹಸುವಿನ ಹಾಗೆ ಕಂಡಿತು. ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಪಕ್ಕದ ಮನೆಯ ಶ್ಯಾಮಣ್ಣನವರನ್ನು ಕರೆದ. ಅವರು ಪಿಂಚಣಿಯ ಸೈನಿಕರು, ಯಾವುದೋ ಮೇಜರಿಗೆ ಆರ್ಡರ್ಲಿಯಾಗಿದ್ದವರು.

"ಮೇಜರ್ ಸಾಹೇಬ್ರ ಪೈಪು ನಾನು ಎಷ್ಟು ತೊಳ್ದಿಲ್ಲ!" ಎಂದರು ಶ್ಯಾಮಣ್ಣ. "ಒಳಗಿನ ಕಿಟ್ಟ ಚಾಕೂನಲ್ಲಿ ಕೆರೆದು, ಬಟ್ಲು ತುಂಬ ಉಪ್ಪು ಹಾಕಿ, ಮೇಲೆ ರಮ್ ಹುಯ್ದು ಇಡಬೇಕು. ನಾತ ಎಲ್ಲಾ ಉಪ್ಪು ಎಳ್ಕೊಳ್ಳುತ್ತೆ."

"ರಮ್ಮಾ?"

"ಎರಡು ಚಮಚ ಸಾಕು. ನಮ್ಮನೇಲಿ ಮಿಲಿಟರಿ ಬಾಟ್ಲಿದೆ, ತರ್ತೀನಿ."

ತಂದರು. ಪೈಪಿಗೆ ಎರಡು ಚಮಚ ಹಾಕಿ, ಉಳಿದದ್ದು ಕೆಟ್ಟಿದೆಯೋ ಏನೋ ಎಂದು ಲೋಟದಲ್ಲಿ ಪರೀಕ್ಷೆಗೆ ಕೂತರು. ಪಟ್ಟಾಭಿ ಬಟ್ಟಲಿನಿಂದ ಕೊಳವೆಯನ್ನು ಬಿಚ್ಚಿಕೊಂಡು, ಪೊರಕೆಕಡ್ಡಿಗೆ ಹತ್ತಿ ಸುತ್ತಿ ಅದರೊಳಗೆ ತೂರಿಸಿದ. ಕಡ್ಡಿ ಹೋಯಿತು, ಬರಲಿಲ್ಲ. ಊದಿದ. ಒಳಗಿದ್ದ ಹಳೆಯ ರಸ ಅವನ ಬನಿಯನ್ನಿಗೆ ಹಾರಿತು.

"ಬಿಸಿನೀರಲ್ಲಿ ಹಾಕಿದ್ರೆ ಮೆತ್ತಗಾಗಿ ಬರುತ್ತೇನೋ" ಎಂದಳು ಊರ್ಮಿಳಾ. ಸೀಮೆಎಣ್ಣೆ ಸ್ಟವ್ವಿನ ಮೇಲೆ ಕುದಿಯುತ್ತಿದ್ದ ನೀರಿಗೆ ಅವನೇ ಕೊಳವೆಯನ್ನು ಹಾಕಿದ.

ಕಡ್ಡಿ ಬಂತು. ಆದರೆ ಬಾಗಿದ್ದ ಕೊಳವೆ ಮೇಷ್ಟರನ್ನು ಕಂಡ ಹುಡುಗನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಪಟ್ಟಾಭಿ ಅದನ್ನು ಚಿಮಟದಲ್ಲಿ ಎತ್ತಿ ತುದಿ ನೋಡಿದ. ಬಿಸಿಗೆ ರಬ್ಬರು ಉಬ್ಬಿ, ಹಲ್ಲಿನ ಗುರುತು ಇದ್ದ ಜಾಗ ಹಸುಗೂಸಿನ ಕೆನ್ನೆಯಂತೆ ನುಣ್ಣಗಾಗಿತ್ತು.

ಅವನು ಅಲ್ಲೇ ನೆಲದ ಮೇಲೆ ಕೂತ. ಸತ್ತುಹೋದ ಒಬ್ಬ ಮನುಷ್ಯ ಈ ಲೋಕದಲ್ಲಿ ಉಳಿಸಿಹೋಗಿದ್ದ ಇಷ್ಟೇ ಇಷ್ಟು ಗುರುತನ್ನು ತಾನು ಒಂದು ಪಾತ್ರೆ ನೀರಿನಲ್ಲಿ ಬೇಯಿಸಿಹಾಕಿದೆನಲ್ಲ ಎನಿಸಿ, ಶಿಫ್ಟಿನ ಯೋಚನೆ ಕೂಡ ಒಂದು ಗಳಿಗೆ ಮರೆತುಹೋಯಿತು.

ಬಾಗಿಲಲ್ಲಿ ಮನೆ ಓನರ್ ಪಿಳ್ಳಮ್ಮ ನಿಂತಿದ್ದರು. ಹೊಲವೆಲ್ಲ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ, ಅದರೊಳಗಿನ ಜನರನ್ನು ಬೆಳೆಯ ಹಾಗೆಯೇ ಕಾಯುತ್ತಿದ್ದ ಹೆಂಗಸು.

"ಮರ್ವಾದಸ್ತ್ರು ಅಂತ ಮನೆ ಕೊಟ್ರೆ ಅಗಲೊತ್ನಾಗೇ ಬಾಟ್ಲಿ ಇಟ್ಕಂಡು ಕುಂತವ್ರೆ" ಎಂದರು. "ಕಾಲಿ ಮಾಡ್ರಿ ಮನೇನ."

"ಇಲ್ಲ ಪಿಳ್ಳಮ್ಮೋರೆ, ಪೈಪು ತೊಳೀತಿದೀವಿ" ಎಂದ ಪಟ್ಟಾಭಿ.

"ಎಂಡದಾಗೆ ತೊಳೀತಾರಾ?"

ಊರ್ಮಿಳಾ ಅವರನ್ನು ಒಳಗೆ ಕರೆದು ಕೂರಿಸಿ ಎಲ್ಲವನ್ನೂ ಹೇಳಿದಳು. ಶಿಫ್ಟು, ಮ್ಯಾನೇಜರು, ತಿಥಿ, ಮಗಳ ಪಿಸುದನಿ. ಪಿಳ್ಳಮ್ಮ ಬಾಯಿಯ ಹೊಗೆಸೊಪ್ಪನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ ಕೇಳಿದರು. ಎಲ್ಲ ಮುಗಿದ ಮೇಲೆ, "ಕೂಸು ಮಾತೇ ಆಡಾಕಿಲ್ಲ ಅಂತ ನಾನೂ ಅನ್ಕಂಡಿದ್ದೆ" ಎಂದರು.

"ಮತ್ತೆ ಬಿಸಿ ಮಾಡಿ ಬಗ್ಗಿಸಿದ್ರಾಯ್ತು" ಎಂದರು ಶ್ಯಾಮಣ್ಣ. ಊರ್ಮಿಳಾ ಕೊಳವೆಯನ್ನು ಮತ್ತೆ ಕಾಯಿಸಿ, ಲಟ್ಟಣಿಗೆಯ ಮೇಲಿಟ್ಟು, ಚಕ್ಕುಲಿ ಸುತ್ತುವಷ್ಟು ನಾಜೂಕಾಗಿ ಬಗ್ಗಿಸಿದಳು. ಆಕಾರ ಬಂತು. ಹಲ್ಲು ಬರಲಿಲ್ಲ.

"ಇನ್ನೂ ಮೆತ್ತಗಿದೆ. ಯಾರಾದ್ರೂ ಕಚ್ಚಬೇಕು" ಎಂದಳು ಮೆಲ್ಲಗೆ.

ಎಲ್ಲರೂ ಒಬ್ಬರ ಬಾಯಿ ಒಬ್ಬರು ನೋಡಿಕೊಂಡರು. ಶ್ಯಾಮಣ್ಣನವರದ್ದು ಕಟ್ಟಿಸಿದ ಹಲ್ಲು. ಪಟ್ಟಾಭಿಯ ಮುಂದಿನ ಹಲ್ಲುಗಳ ನಡುವೆ ಬಸ್ಸು ಹೋಗುವಷ್ಟು ಸಂದು. ಊರ್ಮಿಳಾಳದ್ದು ಮಲ್ಲಿಗೆ ಮೊಗ್ಗಿನ ಗಾತ್ರ. ಪಿಳ್ಳಮ್ಮ ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು.

"ತಗಾ ಇಲ್ಲಿ" ಎಂದು ಕೊಳವೆ ಕಿತ್ತುಕೊಂಡು, ಕಬ್ಬು ಸಿಗಿಯುವ ಹಲ್ಲಿನಲ್ಲಿ ಒಮ್ಮೆ ಗಟ್ಟಿಯಾಗಿ ಕಚ್ಚಿದರು.

ತಣ್ಣೀರಿಗೆ ಹಾಕಿದ್ದೇ ಗುರುತು ನಿಂತಿತು. ಹಲ್ಲುಪುಡಿಯಿಂದ ಉಜ್ಜಿದ್ದಕ್ಕೆ ಪಾಚಿ ಬಿಟ್ಟಿತು. ಬಟ್ಟಲಿಗೆ ಜೇನುಮೇಣ ತಿಕ್ಕಿದಾಗ ಮರದ ಒಳಗಿನ ಗೆರೆಗಳು ಒಂದೊಂದಾಗಿ ಎದ್ದು ಬಂದವು. ನಿದ್ದೆಯಿಲ್ಲದೆ ಉರಿಯುವ ಕಣ್ಣಿನಲ್ಲೂ ಪಟ್ಟಾಭಿ ಅದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಜೀವನದಲ್ಲಿ ತಾನು ಒಂದು ವಸ್ತುವನ್ನು ಇಷ್ಟು ಚೆನ್ನಾಗಿ ಮಾಡಿದ್ದು ಇದೇ ಮೊದಲು ಎನಿಸಿತು.

ಐದಕ್ಕೆ ಮುಂಚೆ ಮ್ಯಾನೇಜರ ಕೋಣೆಯಲ್ಲಿದ್ದ. ಕೃಷ್ಣಸ್ವಾಮಿಯವರು ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ತುದಿಯನ್ನು ಸವರಿದರು. ಅವರು ಪೈಪನ್ನು ಬಾಯಿಗಿಟ್ಟು, ಕಚ್ಚಿ, ಕಣ್ಣು ಮುಚ್ಚಿದರು.

"ನೋಡಿ ಪಟ್ಟಾಭಿರಾಮ್" ಎಂದರು ಪೈಪನ್ನು ಬಾಯಿಂದ ತೆಗೆದು. "ನನ್ ಹಲ್ಲು ಅಪ್ಪನ ಗುರುತಲ್ಲಿ ಎಷ್ಟು ಸರಿಯಾಗಿ ಕೂರುತ್ತೆ. ಅವರು ನನ್ ಹತ್ರ ಮಾತಾಡಿದ್ದೇ ಕಮ್ಮಿ. ನಾನೇನ್ ಹೇಳಿದ್ರೂ ಇದನ್ನ ಕಚ್ಕೊಂಡು ಹೂಂ ಅನ್ನೋರು. ಆ ಹೂಂ ಎಲ್ಲಾ ಇದರಲ್ಲೇ ಇದೆ ಅನ್ಸುತ್ತೆ."

ಪಿಳ್ಳಮ್ಮ ಜನ್ಮದಲ್ಲಿ ಯಾರಿಗೂ ಬರೀ ಹೂಂ ಎಂದು ಬಿಟ್ಟವರಲ್ಲ. ಪಟ್ಟಾಭಿ ನಿಜ ಹೇಳಲು ಬಾಯಿ ತೆರೆದ. ಆದರೆ ಕಣ್ಣೊರೆಸಿಕೊಳ್ಳುತ್ತಿದ್ದ ಆ ಮನುಷ್ಯ ಈಗ ಮ್ಯಾನೇಜರಿನಂತೆ ಕಾಣಲಿಲ್ಲ. ಯಾರೋ ಒಬ್ಬರ ಮಗನಂತೆ ಕಂಡರು. ಬಾಯಿ ಮುಚ್ಚಿಕೊಂಡ.

"ಬೇರೆಯವರಾಗಿದ್ರೆ ಉಜ್ಜಿ ಹಾಳು ಮಾಡಿರೋರು. ನಿಮ್ ಕೈಯಲ್ಲಿ ಕಲೆ ಇದೆ ಕಣ್ರೀ" ಎಂದು ಕೃಷ್ಣಸ್ವಾಮಿ ಮೇಜಿನ ಮೇಲಿದ್ದ ಒಂದು ಕಾಗದ ಎತ್ತಿದರು. "ಮಧ್ಯಾಹ್ನವೇ ನಿಮಗೆ ಜನರಲ್ ಶಿಫ್ಟ್ ಹಾಕಿ ಆರ್ಡರ್ ಟೈಪ್ ಮಾಡ್ಸಿದ್ದೆ."

"ಸಾರ್" ಎಂದ ಪಟ್ಟಾಭಿ.

"ಆದ್ರೆ ಈಗ ಇದನ್ನ ನೋಡಿದ ಮೇಲೆ ಯೋಚ್ನೆ ಮಾಡ್ದೆ. ಬೆಳಗ್ಗೆಯಿಂದ ಸಂಜೆವರೆಗೂ ಸ್ಟೋರ್ಸಲ್ಲಿ ಕೂರಿಸಿದ್ರೆ ಈ ಕಲೆ ಸತ್ತೋಗುತ್ತೆ. ಇಂಥಾ ಕೆಲಸಕ್ಕೆ ಹಗಲು ಬೆಳಕು ಬೇಕು, ಬಿಡುವು ಬೇಕು." ಆರ್ಡರನ್ನು ಅಡ್ಡಡ್ಡ ಹರಿದು ಬುಟ್ಟಿಗೆ ಹಾಕಿದರು. "ಅದಕ್ಕೇ ನಿಮ್ಮನ್ನ ನೈಟ್ ಶಿಫ್ಟಲ್ಲೇ ಪರ್ಮನೆಂಟ್ ಮಾಡ್ತೀನಿ. ಯಾರೂ ಅಲ್ಲಾಡ್ಸೋ ಹಾಗಿಲ್ಲ. ಬೆಳಗ್ಗೇನೇ ಕ್ಲಬ್ಬಿನ ಫ್ರೆಂಡ್ಸಿಗೆ ಫೋನ್ ಮಾಡಿ ನಿಮ್ ವಿಷಯ ಹೇಳಿದ್ದೆ, ಆಗಲೇ ಡ್ರೈವರ್ ಕೈಲಿ ಕಳ್ಸಿದಾರೆ ನೋಡಿ."

ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಇತ್ತು.

ಪಟ್ಟಾಭಿ ಅಭ್ಯಾಸಬಲದಿಂದ "ಥ್ಯಾಂಕ್ಯೂ ಸಾರ್" ಎಂದ. ಯಾವುದಕ್ಕೆ ಎಂದೆ ಎಂಬುದು ಅವನಿಗೆ ಹೊಳೆದದ್ದು ಬಸ್ಸು ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ.

ಮನೆಯ ಬಾಗಿಲಲ್ಲಿ ಊರ್ಮಿಳಾ ಕಾದಿದ್ದಳು. ಏನಾಯಿತೆಂದು ಕೇಳದೆ, ಅವನ ಕಂಕುಳಿನ ಡಬ್ಬ ಇಳಿಸಿಕೊಂಡು ಮುಚ್ಚಳ ತೆಗೆದಳು. ಒಂದರ ಮೇಲೊಂದು ಕವುಚಿಕೊಂಡು ಮಲಗಿದ್ದ ಪೈಪುಗಳು.

"ಇವೆಲ್ಲ ಯಾರದ್ದು?"

"ಯಾರ್ಯಾರ ಅಪ್ಪಂದಿರದ್ದೋ" ಎಂದು ಪಟ್ಟಾಭಿರಾಮ ಚಪ್ಪಲಿ ಬಿಟ್ಟ.