ಹಳದಿ ಮುಚ್ಚಳ, ಕೆಂಪು ಮುಚ್ಚಳ

ಮಂಗಳವಾರ ಬೆಳಿಗ್ಗೆ ಲಯ್ನೆಲ್ ಪ್ರಿಚರ್ಡ್‌ನ ಆ್ಯಪ್‌ಗೆ ಪಕ್ಕದ ಮನೆಯ ಮುದುಕಿ ಮೇವಿಸ್ ಡೂಲನ್ ಐದರಲ್ಲಿ ಒಂದೇ ಒಂದು ನಕ್ಷತ್ರ ಕೊಟ್ಟಳು. ಕೆಳಗೆ ಬರೆದಿದ್ದಳು: ‘ಗಂಟೆ ಕರ್ಕಶ. ನಾಯಿ ಸೋಫಾ ಕೆಳಗಿಂದ ಹೊರಗೆ ಬರುತ್ತಿಲ್ಲ.’

ಲಯ್ನೆಲ್ ನಿವೃತ್ತ ಅಂಚೆ ಗುಮಾಸ್ತ. ಬಾಟಲ್‌ಬ್ರಷ್ ಬೀದಿಯ ನಲವತ್ತು ಮನೆಗಳನ್ನು ಉದ್ಧರಿಸಲೆಂದೇ ಆ್ಯಪ್ ಬರೆದಿದ್ದ. ಕಸದ ಲಾರಿ ಒಂದು ವಾರ ಕೊಳೆಯುವ ಕಸದ ಕೆಂಪು ಮುಚ್ಚಳದ ಬಿನ್ ಎತ್ತುತ್ತದೆ, ಮುಂದಿನ ವಾರ ಕಾಗದ, ಬಾಟಲಿಗಳ ಹಳದಿಯದು. ಕ್ರಿಸ್‌ಮಸ್ ರಜೆ ಬಂತೆಂದರೆ ಸರದಿ ತಲೆಕೆಳಗು. ಮೊದಲೆಲ್ಲ ಜನ ಪರದೆ ಸರಿಸಿ, ಪಕ್ಕದವರ ಬಿನ್ ನೋಡಿ ತಮ್ಮದನ್ನು ಇಡುತ್ತಿದ್ದರು. ಲಯ್ನೆಲ್ ಆ ಇಣುಕಾಟವನ್ನೇ ಆ್ಯಪ್ ಮಾಡಿದ: ಯಾರಾದರೂ ಒಬ್ಬರು ಬಣ್ಣ ಒತ್ತಿದರೆ ಸಾಕು, ಎಲ್ಲ ಮನೆಗಳಲ್ಲೂ ಗಂಟೆ ಹೊಡೆಯುತ್ತದೆ. ಒತ್ತುವವರು ಯಾರೆಂದು ಅವನು ಎಂದೂ ವಿಚಾರಿಸಿರಲಿಲ್ಲ. ಯಾರ ಫೋನಿನಲ್ಲಿ ಬೇಕಾದರೂ ಆ್ಯಪ್ ಬಂದ್ ಮಾಡುವ ಗುಂಡಿಯೊಂದನ್ನು ಮಾತ್ರ ಮರೆಯದೆ ಇಟ್ಟುಕೊಂಡಿದ್ದ. ಜನರ ಸುರಕ್ಷತೆಗಂತೆ.

ಒಂಟಿ ನಕ್ಷತ್ರ ನೋಡಿ ಆ ಗುಂಡಿ ಒತ್ತಿದ. ಹತ್ತೇ ನಿಮಿಷದಲ್ಲಿ ಮೇವಿಸ್ ಬೇಲಿಯಾಚೆ ಪ್ರತ್ಯಕ್ಷಳಾದಳು.

“ನನ್ನ ಫೋನೊಳಗೆ ಕೈ ಹಾಕೋಕೆ ನೀನ್ಯಾರಯ್ಯ?”

“ಫೋನ್ ನಿಮ್ದು ಮೇವಿಸ್. ಆ್ಯಪ್ ನಂದು.”

“ನಿನ್ನ ಹಿತ್ತಲಲ್ಲಿರೋ ನಿಂಬೆ ಗಿಡ ನಾನು ಕೊಟ್ಟಿದ್ದು. ಗಿಡ ನಂದು ಅಂತ ಕಿತ್ಕೊಂಡು ಹೋಗ್ಲಾ?”

ಅದು ಬೇರೆ ವಿಷಯ ಎಂದ ಲಯ್ನೆಲ್. ಹೇಗೆ ಬೇರೆ ಎಂದು ಅವಳು ಕೇಳುವುದರೊಳಗೆ ಮನೆ ಸೇರಿ ಬಾಗಿಲು ಹಾಕಿಕೊಂಡ.

ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರುಮನೆ ಗ್ರೇಮ್ ಬಂದು, ಇನ್ನೊಬ್ಬರ ಫೋನಿಗೆ ಕೈ ಹಾಕುವುದು ಮಹಾ ಅನ್ಯಾಯವೆಂದು ಅರ್ಧ ಗಂಟೆ ಭಾಷಣ ಬಿಗಿದ. ಹೊರಡುವಾಗ ದನಿ ತಗ್ಗಿಸಿ, “ಹಾಗೇ ಆ ಕೆವಿನ್‌ದೂ ಬಂದ್ ಮಾಡ್ಬಿಡು ಗುರು. ಅವನ ಬಿನ್ ತಂದು ನನ್ನ ಗೇಟಿಗೇ ಅಡ್ಡ ಇಡ್ತಾನೆ” ಎಂದ. ಆಮೇಲೆ ಕೆವಿನ್ ಬಂದು ಗ್ರೇಮ್‌ನದನ್ನು ಬಂದ್ ಮಾಡಿಸಿದ. ಹೀಗೆ ನ್ಯಾಯವಂತರು ಒಬ್ಬೊಬ್ಬರಾಗಿ ಕೊಬ್ಬರಿ ತುರಿಯ ಕೇಕು, ತಣ್ಣನೆಯ ಬಿಯರು ಹಿಡಿದು ಬಂದರು. ಕೇಕು ತಿಂದ ಮೇಲೆ ಆಗುವುದಿಲ್ಲ ಎನ್ನಲು ಲಯ್ನೆಲ್‌ಗೆ ಬಾಯಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಯಲ್ಲಿ ಅವನ ಆ್ಯಪ್ ಒಂದೇ ಉಳಿದಿತ್ತು. ಅದೂ ಗಂಟೆ ಹೊಡೆಯಲಿಲ್ಲ. ಬಣ್ಣ ಒತ್ತುವವರೇ ಇರಲಿಲ್ಲವಲ್ಲ.

ಲಾರಿ ಬರುವುದು ಮೂರು ಗಂಟೆಗೆ. ಕ್ರಿಸ್‌ಮಸ್‌ನಲ್ಲಿ ತಿಂದ ಸಿಗಡಿಯ ತಲೆಗಳನ್ನು, ನಾರದಿರಲೆಂದು ಅಲ್ಲಿ ಎಲ್ಲರೂ ಮಾಡುವಂತೆ, ಲಯ್ನೆಲ್ ಫ್ರೀಜರಿನಲ್ಲಿ ಜೋಪಾನ ಮಾಡಿ, ಅಂದು ಬೆಳಿಗ್ಗೆಯಷ್ಟೇ ಕೆಂಪು ಬಿನ್ನಿಗೆ ಸುರಿದಿದ್ದ. ಆ ದೇಶದಲ್ಲಿ ಕ್ರಿಸ್‌ಮಸ್ ಬರುವುದೇ ನಡುಬೇಸಿಗೆಯಲ್ಲಿ; ಹೊರಗೆ ನಲವತ್ತು ಡಿಗ್ರಿ ಬಿಸಿಲು. ಇಂದು ಕೆಂಪಿನ ಸರದಿಯಾಗಿದ್ದು ಅದು ತಪ್ಪಿದರೆ, ಇನ್ನೆರಡು ವಾರ ಸಿಗಡಿಗಳ ಜೊತೆಗೇ ಸಂಸಾರ. ಎರಡೂ ಬಿನ್ ಇಟ್ಟುಬಿಡಬಹುದಿತ್ತು. ಆದರೆ ಬಿನ್ ಆ್ಯಪ್ ಬರೆದವನೇ ಎರಡೂ ಇಟ್ಟನೆಂದರೆ ಆ ಬೀದಿಯಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ಎರಡೂವರೆಗೆ ಲಯ್ನೆಲ್ ಸೋತ. ಎಲ್ಲರ ಆ್ಯಪನ್ನೂ ಮತ್ತೆ ಚಾಲೂ ಮಾಡಿದ, ಮೇವಿಸಳದನ್ನು ಕೊನೆಗೆ. ಮಾಡಿದ ನಿಮಿಷಕ್ಕೇ ಬೀದಿಯುದ್ದಕ್ಕೂ ಗಂಟೆ ಹೊಡೆಯಿತು: ಹಳದಿ. ಮೂವತ್ತೊಂಬತ್ತು ಹಳದಿ ಬಿನ್‌ಗಳು ಬಂದು ಸಾಲಾಗಿ ನಿಂತವು. ಲಯ್ನೆಲ್‌ನ ಕಣ್ಣು ಹೆಮ್ಮೆಯಿಂದ ತುಂಬಿ ಬಂತು.

ಮೂರಕ್ಕೆ ಬಂದ ಲಾರಿ ಒಂದು ಹಳದಿ ಬಿನ್ನನ್ನೂ ಮುಟ್ಟಲಿಲ್ಲ. ಮೇವಿಸ್ ಮನೆ ಮುಂದೆ ಮಾತ್ರ ನಿಂತಿತು. ಅಲ್ಲಿ ಅವಳು ಆಗಷ್ಟೇ ತಂದಿಟ್ಟ ಕೆಂಪು ಬಿನ್ ಇತ್ತು. ಲಯ್ನೆಲ್ ತನ್ನ ಕೆಂಪು ಬಿನ್ ಎಳೆದುಕೊಂಡು ಓಡಿದ. ಸಿಗಡಿಯ ರಸ ಚಪ್ಪಲಿಗಿಳಿಯಿತು, ಲಾರಿ ತಿರುವು ದಾಟಿ ಹೋಯಿತು.

ಹಳದಿ ಒತ್ತಿದ್ದು ನೀವಾ ಎಂದು ಏದುಸಿರು ಬಿಡುತ್ತ ಕೇಳಿದ.

“ಪ್ರತಿ ವಾರ ಒತ್ತೋಳು ನಾನೇ. ಪುರಸಭೆ ಕ್ಯಾಲೆಂಡರು ಈ ಬೀದೀಲಿ ಇರೋದು ನನ್ನ ಫ್ರಿಜ್ ಮೇಲೆ ಮಾತ್ರ” ಎಂದಳು ಮೇವಿಸ್. “ಆ್ಯಪ್ ನಿಂದು ಲಯ್ನೆಲ್. ಬಣ್ಣ ನಂದು. ಇವತ್ತು ಸರಿ ಬಣ್ಣ ಬಂದ್ ಮಾಡಿದೀನಿ.”

ಸಂಜೆಯೊಳಗೆ ಆ್ಯಪ್‌ಗೆ ಇನ್ನೂ ಮೂವತ್ತೆಂಟು ಒಂಟಿ ನಕ್ಷತ್ರಗಳು ಬಿದ್ದವು. ಲಯ್ನೆಲ್ ಮೇವಿಸಳ ಹೆಸರು ಹುಡುಕಿ ಬಂದ್ ಗುಂಡಿಯ ಮೇಲೆ ಬೆರಳಿಟ್ಟ. ಮುಂದಿನ ಮಂಗಳವಾರ ನೆನಪಾಯಿತು. ಬೆರಳು ತೆಗೆದು ಮೂಗು ಮುಚ್ಚಿಕೊಂಡ.