ಬೆಟಗೇರಿಗೇ ಹೋಗುವ ಡಬರಿ

ಅಂಕಲಗಿ ಮಾಸ್ತರರ ರಾಕೆಟ್ಟಿನ ತುದಿಯಲ್ಲಿದ್ದದ್ದು ನನ್ನ ಡಬರಿ, ಅಗಲ ಬಾಯಿಯ ಸ್ಟೀಲಿನ ಪಾತ್ರೆ. ಹಾಗಾಗಿ ಹಾರಿಸುವ ದಿನ ಗದಗಿನ ನಮ್ಮ ಓಣಿಯವರೆಲ್ಲ ಆಕಾಶ ನೋಡುತ್ತಿದ್ದರೆ, ನಾನು ಡಬರಿಯನ್ನೇ ನೋಡುತ್ತಿದ್ದೆ.

ಮಾಸ್ತರರು ನಮ್ಮ ಪಕ್ಕದ ಮನೆಯವರು. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅವರೂ ಗ್ಯಾರೇಜಿನ ಮೆಹಬೂಬ್ ಸಾಬರೂ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಒಂದೇ ವಿಷಯ ಅರೆಯುತ್ತಿದ್ದರು. ಹಾರಿಸಿ, ಇಳಿಸಿ, ಮತ್ತೆ ಹಾರಿಸಬಹುದಾದ ದೊಡ್ಡ ರಾಕೆಟ್! ಅದು ಸ್ಟೀಲಿನದೇ ಆಗಬೇಕೆಂದು ಇಬ್ಬರೂ ತೀರ್ಮಾನಿಸಿದ್ದೇ ತಡ, ಓಣಿಯ ಅಡುಗೆಮನೆಗಳು ಬರಿದಾದವು. ಸಿಕ್ಕ ಪಾತ್ರೆಗಳನ್ನೆಲ್ಲ ಒಂದರ ಮೇಲೊಂದು ಬೆಸೆದು ನಿಲ್ಲಿಸಿದರು. ಇಂಧನ ಗೋಬರ್ ಗ್ಯಾಸ್.

"ಕಾಲಿಲ್ಲದ ಹೆಂಗ ಇಳೀತೈತ್ರಿ ಇದು?" ಮೆಹಬೂಬ್ ಸಾಬರು ಕೊನೆಯ ಗಳಿಗೆಯಲ್ಲೂ ಬಿಡಲಿಲ್ಲ.

"ಡಬರಿಗೆ ಕಾಲದಾವೇನು? ನೆಲದ ಮ್ಯಾಲೆ ಕೂಡಂಗಿಲ್ಲೇನು?"

"ಮನಿ ಗುರುತು?"

"ಮೈಮ್ಯಾಲೆ ನನ್ನ ವಿಳಾಸ ಬರದೀನಿ. ಮ್ಯಾಲೆ ಹೋಗಿ, ಕ್ಯಾಮೆರಾದಾಗ ಅದನ್ನ ಓದಿ, ನೆಟ್ಟಗ ಇಲ್ಲಿಗೇ ಬರ್ತೈತಿ."

ಮಾಸ್ತರರು ಗುಂಡಿ ಒತ್ತಿದರು. ರಾಕೆಟ್ ಗುಡುಗುತ್ತ ಏರಿ ಮರೆಯಾಯಿತು. ಓಣಿಯ ತುಂಬ ಸೆಗಣಿ ವಾಸನೆ. ಎಷ್ಟು ಕಾದರೂ ಅದು ತಿರುಗಿ ಬರಲಿಲ್ಲ. ಬಂದದ್ದು ನನಗೊಂದು ಫೋನು, ಬೆಟಗೇರಿಯಿಂದ, ನನ್ನ ಗಂಡನ ಅಕ್ಕ ಕಸ್ತೂರಕ್ಕನದು.

"ಅನಸೂಯಾ, ನಿಮ್ಮ ಹೊಸ ಮನಿ ವಾಸ್ತುಶಾಂತಿಗೆ ನಾ ಕೊಟ್ಟ ಡಬರಿ ನನ್ನ ಅಂಗಳಕ್ಕ ತಿರುಗಿ ಕಳಿಸೀಯೇನ?"

ಬೆಂಕಿಯ ಬಿಸಿಗೆ ಮಾಸ್ತರರ ಬಣ್ಣದ ವಿಳಾಸ ಅಳಿಸಿಹೋಗಿ, ಡಬರಿಯ ಮೇಲೆ ಕೊರೆಸಿದ್ದ 'ಕಸ್ತೂರವ್ವ ಹೊಂಬಳ, ಬೆಟಗೇರಿ' ಮಾತ್ರ ಉಳಿದಿತ್ತು. ಉಡುಗೊರೆ ಪಾತ್ರೆಗೆ ಕೊಟ್ಟವರು ಹೆಸರು ಹಾಕಿಸುವುದು ನಮ್ಮ ವಾಡಿಕೆ. ಅದನ್ನು ತಿರುಗಿ ಕಳಿಸಿದರೆ ನಂಟೇ ಮುರಿದಂತೆ. ಯಾವುದೋ ಹಳೆಯ ಸೀರೆಯ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಕಸ್ತೂರಕ್ಕ, ನನ್ನ ಮಗನ ಮದುವೆಗೆ ಬರುತ್ತೇನೆಂದು ಈಗಷ್ಟೇ ಒಪ್ಪಿದ್ದರು. ಸೋದರತ್ತೆಯಿಲ್ಲದೆ ಅಕ್ಷತೆ ಬೀಳುವುದುಂಟೇ?

"ತಿರುಗಿ ಕಳಿಸಿಲ್ರಿ ಅಕ್ಕಾರ, ಕರಿಗಡಬು ತುಂಬಿ ಕಳಿಸೀನಿ," ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ.

ಪಕ್ಕದಲ್ಲಿದ್ದ ಮಾಸ್ತರರು ಫೋನಿಗೆ ಬಾಯಿ ಹಾಕಿದರು. "ಏನೂ ಇರಲಿಲ್ರಿ ಅದರಾಗ. ಖಾಲೀನ ಹಾರಿಸೀವಿ. ಬೇಕಾದ್ರ ತೂಕದ ಲೆಕ್ಕ ಕೊಡ್ತೀನಿ."

ನನಗೆ ಅವರನ್ನೇ ಹಾರಿಸಿಬಿಡುವಷ್ಟು ಸಿಟ್ಟು ಬಂತು. ಕಸ್ತೂರಕ್ಕ, "ಹೋಗ್ಲಿ, ಯಂತ್ರ ದಾರಿ ತಪ್ಪಿರಬೇಕು. ಖಾಲಿ ಪಾತ್ರಿ ಕಳಸೂ ಮಂದಿ ಅಲ್ಲ ನಾವು. ಗಡಬು ನಾನ ತುಂಬಿ ಕಳಸ್ತೀನಿ," ಎಂದರು. ಮಾಡಿದರು, ಏಣಿ ಹಾಕಿಸಿ ತುಂಬಿಸಿಯೂ ಬಿಟ್ಟರು. ಮಾಸ್ತರರು ಇಲ್ಲಿಂದಲೇ ಗುಂಡಿ ಒತ್ತಿದರು. ರಾಕೆಟ್ ಅಲ್ಲಿ ಎದ್ದು, ಮೇಲೆ ಹೋಗಿ, ಹೆಸರು ಓದಿ, ಮತ್ತೆ ಅದೇ ಅಂಗಳದಲ್ಲಿ ಕೂತಿತು.

"ನನ್ನ ಕೈಯ ಗಡಬು ಬ್ಯಾಡಾದ್ವೇನ ನಿನಗ?" ಕಸ್ತೂರಕ್ಕ ಮತ್ತೆ ಫೋನು ಮಾಡಿದರು.

ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು "ಇನ್ನೊಂದು ಸಲ ನೋಡೂಣು" ಎಂದು ಒತ್ತಿಬಿಟ್ಟರು. ಅದು ಮತ್ತೆ ಅಲ್ಲೇ ಇಳಿಯಿತು.

"ಮದುವಿಗೆ ನಾ ಬರಂಗಿಲ್ಲ," ಎಂದು ಕಸ್ತೂರಕ್ಕ ಫೋನಿಟ್ಟರು.

ನಾನು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಮೆಹಬೂಬ್ ಸಾಬರು ಆಟೋ ತಂದು, ಮಾಸ್ತರರನ್ನೂ ಎಳೆದು ಕೂರಿಸಿದರು. ಸೀರೆಯ ಜಗಳವಾದ ಮೇಲೆ ಬೆಟಗೇರಿಯ ಆ ಮನೆಯ ಹೊಸ್ತಿಲು ನಾನು ತುಳಿದಿರಲಿಲ್ಲ. ನಾವು ಹೋದಾಗ ಕಸ್ತೂರಕ್ಕ ಅಂಗಳದಲ್ಲಿ ಮುಖ ತಿರುಗಿಸಿ ನಿಂತಿದ್ದರು.

"ಅಕ್ಕಾರ, ನಾ ಕಳಿಸಿಲ್ರಿ. ನಿಮ್ಮ ಹೆಸರು ಓದಿ ಅದ ಬರ್ತೈತಿ. ನೀವು ಮದುವಿಗೆ ಬರಂಗಿಲ್ಲಂತ ಅಂಜಿ ಸುಳ್ಳು ಹೇಳಿದೆ."

"ಓದಿ ಬರ್ತೈತಂತ," ಎಂದು ಅವರು ಗೊಣಗಿದರು.

ಮಾಸ್ತರರು ಒತ್ತಿದರು. ರಾಕೆಟ್ ಎದ್ದು ಒಂದು ಸುತ್ತು ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೆತ್ತಗೆ ಇಳಿಯಿತು. ಕಸ್ತೂರಕ್ಕ ನೋಡಿದರು. "ಇನ್ನೊಮ್ಮೆ ಒತ್ರಿ," ಎಂದರು. ಮತ್ತೆ ಬಂತು. ಆಗ ಸೆರಗು ಬಾಯಿಗೊತ್ತಿ ನಕ್ಕೇಬಿಟ್ಟರು.

"ನೀ ಮರೆತರೂ ಡಬರಿ ಮರೀವಲ್ದು ನೋಡ ನನ್ನ ಮನಿ!"

ಗಡಬು ಪುಡಿಪುಡಿಯಾಗಿದ್ದವು. ನಾವಿಬ್ಬರೂ ಅವನ್ನು ಚಮಚದಲ್ಲಿ ತಿಂದೆವು.

ಮದುವೆಗೆ ಕಸ್ತೂರಕ್ಕ ಎಲ್ಲರಿಗಿಂತ ಮೊದಲೇ ಬಂದರು. ಉಡುಗೊರೆಯಾಗಿ ಇನ್ನೂ ದೊಡ್ಡದೊಂದು ಡಬರಿ ತಂದಿದ್ದರು, ಹೆಸರು ಈ ಸಲ ದಪ್ಪಕ್ಷರದಲ್ಲಿ. ಮಾಸ್ತರರು ಅಕ್ಷತೆ ಹಾಕುವುದು ಬಿಟ್ಟು ಅದರ ಬಾಯಿಗೆ ಗೇಣು ಹಾಕಿ ಅಳೆಯುತ್ತಿದ್ದರು. ನಾನು ಹೋಗಿ ಅದನ್ನು ಬೋರಲು ಹಾಕಿ, ಮೇಲೆ ಕೂತುಬಿಟ್ಟೆ.