ಲಕ್ವದ ಡಾಕ್ಟರಮ್ಮನ ಉಪ್ಪಿನ ಲೆಕ್ಕ

ಮನೆಮನೆ ಸುತ್ತುವ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದಂತೆ ತಡೆಯಲು ನೋಡಿದ್ದೇನೆ. ಆಗಿಲ್ಲ.

ತೊಂಬತ್ತರ ದಶಕದ ಕೊನೆ. ಕೊಳ್ಳೇಗಾಲದಲ್ಲಿ ನಾನು ಆರೋಗ್ಯ ಸಹಾಯಕ. ಮೈಸೂರಿನಿಂದ ಒಬ್ಬ ಡಾಕ್ಟರಮ್ಮ ಬಂದರು. ಲಕ್ವ ಯಾಕೆ ಹೊಡೆಯುತ್ತದೆ, ಹೊಡೆಯದ ಹಾಗೆ ಏನು ಮಾಡಬಹುದು ಎನ್ನುವುದು ಅವರ ಸಂಶೋಧನೆ. ಉಪ್ಪು ಹೆಚ್ಚಾದರೆ ಬಿ.ಪಿ. ಏರುತ್ತದೆ, ಬಿ.ಪಿ. ಏರಿದರೆ ಲಕ್ವದ ಭಯ. ಉಪ್ಪು ಕಡಿಮೆ ಮಾಡಿಸಿದರೆ ನಮ್ಮ ಕಡೆಯ ಜನಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡಬೇಕಿತ್ತು. ಕೆಲಸ ನೆಟ್ಟಗೆ ನಡೆದರೆ ಹನೂರಿನಲ್ಲಿ ವಾರಕ್ಕೊಂದು ದಿನ ಬಿ.ಪಿ. ಕ್ಲಿನಿಕ್, ಮಾತ್ರೆ ಪುಕ್ಕಟೆ. ಕೆಟ್ಟರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್. ಅವರ ಮೇಲಿನ ದೊಡ್ಡ ಡಾಕ್ಟರು ಹಾಗೆಂದೇ ಹೇಳಿ ಕಳಿಸಿದ್ದರು.

ನನ್ನ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅದಕ್ಕೆ ಮುಂಚೆ ಅವನ ಬಿ.ಪಿ.ಯನ್ನು ಒಬ್ಬರೂ ಒಮ್ಮೆಯೂ ನೋಡಿರಲಿಲ್ಲ. ಕ್ಲಿನಿಕ್ ಬರಲೇಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಯಾರಿಗೂ ಹೇಳಲಿಲ್ಲ.

೧. ದಾಯಾದಿ ಬಿ.ಪಿ.

ಯಳಂದೂರಿನ ಹತ್ತಿರ ಒಂದೇ ಗೋಡೆಗೆ ಎರಡು ಮನೆ. ಅಣ್ಣ ಒಂದರಲ್ಲಿ, ತಮ್ಮ ಇನ್ನೊಂದರಲ್ಲಿ. ಗದ್ದೆ ಬದುವಿನ ವಿಚಾರಕ್ಕೆ ಮಾತು ಬಿಟ್ಟವರು. ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸುವಷ್ಟರಲ್ಲಿ ನನಗೇ ಬಿ.ಪಿ. ಏರಿತ್ತು.

ತಮ್ಮನಿಗೆ ನೂರ ಎಂಬತ್ತು ಬಂತು. ಡಾಕ್ಟರಮ್ಮ ಗಾಬರಿಯಿಂದ ಎರಡು ಸಲ ನೋಡಿದರು. ಮಾತ್ರೆ ಕೊಟ್ಟರು, ಕಾರ್ಡು ಬರೆದುಕೊಟ್ಟರು, ಹದಿನೈದು ದಿನಕ್ಕೆ ಮತ್ತೆ ಬಂದು ನೋಡುತ್ತೇನೆ ಎಂದರು. ಅಣ್ಣನಿಗೆ ನೂರ ಇಪ್ಪತ್ತು. “ನಿಮಗೇನೂ ತೊಂದರೆ ಇಲ್ಲ, ಹೋಗಿ,” ಎಂದರು.

ಅಣ್ಣ ಏಳಲಿಲ್ಲ.

“ಅವ್ನಿಗೆ ನೂರೆಂಬತ್ತು, ನಂಗೆ ನೂರಿಪ್ಪತ್ತಾ? ಇನ್ನೊಂದ್ಸಲ ನೋಡಿ ಸಾ. ನಾನು ದೊಡ್ಡೋನು.”

“ಕಮ್ಮಿ ಇದ್ದರೆ ಒಳ್ಳೆಯದು ಕಣಯ್ಯ,” ಎಂದೆ.

“ಗದ್ದೆ ಪಾಲು ಮಾಡ್ದಾಗ್ಲೂ ಇಂಗೇ ಯೋಳುದ್ರು,” ಎಂದು ಎದ್ದು ಹೋದ.

ಹದಿನೈದು ದಿನ ಬಿಟ್ಟು ಹೋದೆವು. ಅಣ್ಣ ಮೊದಲೇ ತೋಳು ಮಡಚಿ ಕಾಯುತ್ತಿದ್ದ. ನೋಡಿದರೆ ನೂರ ನಲವತ್ತೆಂಟು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಒಳಗಿನಿಂದ ಅವನ ಹೆಂಡತಿ ಕೂಗಿ ಹೇಳಿದಳು.

“ಅವತ್ತಿಂದ ಮೂರೊತ್ತೂ ಬರೀ ಉಪ್ಪಿನ್ಕಾಯಿ ಕಣವ್ವ. ಜಾಡಿ ಕಾಲಿ ಮಾಡವ್ರೆ.”

ಡಾಕ್ಟರಮ್ಮ ಲಕ್ವ ಎಂದರೇನು, ಬಿದ್ದವರ ಗತಿ ಏನು ಎಂದು ಅರ್ಧ ಗಂಟೆ ಬಿಡಿಸಿ ಹೇಳಿದರು. ಅವನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದ.

“ಇನ್ನ ಮೂವತ್ತೆರಡು ಕಮ್ಮಿ ಅಲ್ವಾ ಸಾ?”

೨. ಮಗ್ಗದ ಮನೆಯ ಸಾರು

ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವವರ ಮನೆ. ಯಜಮಾನರು, ಅವರ ಹೆಂಡತಿ, ಮಗ, ಸೊಸೆ. ಯಜಮಾನರಿಗೆ ಬಿ.ಪಿ. ಡಾಕ್ಟರಮ್ಮ ಇಡೀ ಮನೆಗೆ ಒಂದು ವಾರಕ್ಕೆ ಇಷ್ಟೇ ಉಪ್ಪು ಎಂದು ತೂಗಿ, ಪೊಟ್ಟಣ ಕಟ್ಟಿ, ಯಜಮಾನರ ಹೆಂಡತಿಯ ಕೈಗೆ ಕೊಡಲು ಹೋದರು.

ಆಕೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು. “ಅಯ್ಯೋ, ಕೆಳಗೆ ಮಡುಗಿ ತಾಯಿ! ಉಪ್ಪ ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ.”

ನೆಲದ ಮೇಲೆ ಇಟ್ಟರು. ಜಗಳ ಆಗಲಿಲ್ಲ.

ವಾರ ಬಿಟ್ಟು ಹೋದಾಗ ಊಟ ಮಾಡದೆ ಹೋಗಬಾರದು ಎಂದು ಹಿಡಿದು ಕೂರಿಸಿದರು. ಮೊದಲ ತುತ್ತಿಗೇ ಡಾಕ್ಟರಮ್ಮ ನೀರಿನ ಲೋಟಕ್ಕೆ ಕೈ ಹಾಕಿದರು. ನಾನು ಎರಡನೆಯ ತುತ್ತಿಗೆ. ಪೊಟ್ಟಣ ತರಿಸಿ ನೋಡಿದರೆ ಉಪ್ಪು ಅಳತೆಯಂತೆಯೇ ಖರ್ಚಾಗಿತ್ತು. ಹಾಗಾದರೆ ಸಾರಿಗೆ ಬಿದ್ದದ್ದು ಯಾವ ಉಪ್ಪು?

ಮೊದಲು ಅತ್ತೆ ಒಪ್ಪಿಕೊಂಡರು. “ನಮ್ಮೆಜಮಾನ್ರು ಸಪ್ಪೆ ಹೆಂಗೆ ಉಂಡಾರು ಅಂತ ನನ್ನ ಹಳೇ ಡಬ್ಬಿಯಿಂದ ಒಂದು ಚಿಟಿಕೆ.”

ಯಜಮಾನರು ಕೆಮ್ಮಿದರು. “ನೀರು ಕುಡಿಯೋಕೆ ಮಗ್ಗ ಬಿಟ್ಟು ಎದ್ದಾಗ ನಾನೂ ಒಂಚೂರು.”

“ಪಥ್ಯ ಅಪ್ಪಂಗೆ ತಾನೆ?” ಎಂದ ಮಗ. “ನಾನು ನನ್ನ ಪಾಲಿಗೆ ಅಂತ ಹಾಕ್ದೆ.”

“ನಿನ್ನ ಪಾಲು ಬೇರೆ ಪಾತ್ರೆಯಲ್ಲಿತ್ತಾ?” ಎಂದು ಕೇಳಿದೆ. ಅದೊಂದನ್ನು ಅವನು ಯೋಚಿಸಿರಲಿಲ್ಲ.

ಡಾಕ್ಟರಮ್ಮ ಕನಿಕರದಿಂದ ಸೊಸೆಯ ಕಡೆ ತಿರುಗಿದರು. “ನೋಡಮ್ಮಾ, ಇಷ್ಟು ಜನರ ನಡುವೆ ನೀನೊಬ್ಬಳೇ ಹೇಳಿದಂತೆ ಮಾಡಿದವಳು.”

ಸೊಸೆ ನೆಲ ನೋಡುತ್ತ ಹೇಳಿದಳು. “ದಿನಾ ಹಂಗೇ ಮಾಡ್ತೀನಿ ಮೇಡಂ. ಇವತ್ತು ನೀವು ಊಟಕ್ಕೆ ಬತ್ತೀರಿ ಅಂತ ಅತ್ತೆ ಡಬ್ಬಿಯಿಂದ ಒಂದು ಹಿಡಿ ಜಾಸ್ತಿ ಹಾಕ್ದೆ.”

೩. ಲೊಕ್ಕನಹಳ್ಳಿಯ ಕ್ಯಾನುಗಳು

ಬಾಯಿಮಾತು ನಂಬಿದರೆ ಕೆಲಸ ಕೆಟ್ಟಿತು ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ತಿಂದ ಉಪ್ಪು ಹೆಚ್ಚುಕಡಿಮೆ ಎಲ್ಲವೂ ಮೂತ್ರದಲ್ಲಿ ಹೊರಗೆ ಬರುತ್ತದೆ. ಒಬ್ಬನ ಒಂದು ದಿನದ ಮೂತ್ರವನ್ನು ಪೂರ್ತಿ ಹಿಡಿದರೆ ಅವನು ಎಷ್ಟು ಉಪ್ಪು ತಿಂದ ಎಂದು ಸುಳ್ಳಿಲ್ಲದೆ ಗೊತ್ತಾಗುತ್ತದೆ. ಅದಕ್ಕೆಂದು ಐದು ಲೀಟರಿನ ಬಿಳಿ ಕ್ಯಾನುಗಳು ಬಂದವು. ಅಷ್ಟು ದೊಡ್ಡದು ಬೇಕಿರಲಿಲ್ಲ. ಸಿಕ್ಕಿದ್ದು ಅದೇ.

ಲೊಕ್ಕನಹಳ್ಳಿಯಲ್ಲಿ ಕ್ಯಾನು ಹಂಚಿದವನು ನಾನು. ಮನೆಗೆ ಒಬ್ಬರು, ಒಬ್ಬರಿಗೆ ಒಂದು ಕ್ಯಾನು. “ನಾಳೆ ಬೆಳಿಗ್ಗೆವರೆಗೆ ಎಲ್ಲವೂ ಇದರೊಳಗೆ. ಒಂದು ತೊಟ್ಟೂ ಹೊರಗೆ ಹೋಗಬಾರದು,” ಎಂದೆ. ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ. ಎಲ್ಲರೂ ಆಗಲಿ ಎಂದರು.

ಮಾರನೆಯ ದಿನವೇ ದೊಡ್ಡ ಡಾಕ್ಟರು ಜೀಪಿನಲ್ಲಿ ಬಂದರು. ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಎಂದು ಅವತ್ತೇ ಹೇಳುವವರಿದ್ದರು. ಕ್ಯಾನುಗಳು ಒಂದೂ ತಪ್ಪದೆ ಶಾಲೆಯ ಜಗಲಿಗೆ ಬಂದು ಸಾಲಾಗಿ ಕೂತವು. ಡಾಕ್ಟರಮ್ಮನ ಮುಖ ಅರಳಿತು.

ದೊಡ್ಡ ಡಾಕ್ಟರು ಒಂದು ಕ್ಯಾನು ಎತ್ತಿದರು. ಇನ್ನೊಂದು ಎತ್ತಿದರು. ಸಾಲಿನ ಕೊನೆಯವರೆಗೂ ಕಣ್ಣಾಡಿಸಿದರು. ಪ್ರತಿಯೊಂದೂ ಬಾಯಿಮಟ್ಟ ತುಂಬಿತ್ತು.

“ಒಬ್ಬ ಮನುಷ್ಯ ದಿನಕ್ಕೆ ಐದು ಲೀಟರಾ? ಇಡೀ ಊರಿಗೆ ಊರೇ?”

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕ್ಲಿನಿಕ್ ಕೈಬಿಟ್ಟು ಹೋಯಿತು ಎಂದುಕೊಂಡೆ. ಮುಂದೆ ನಿಂತಿದ್ದ ಅಜ್ಜಿಯನ್ನು ಕೇಳಿದೆ.

“ಏನವ್ವ ಇದು? ಎಲ್ಲ ನಿಮ್ಮ ಯಜಮಾನರದೇನಾ?”

“ಎಲ್ಲಿ ಬಂತು ಸಾ? ಅವ್ರುದು ಕಾಲ್ಭಾಗನೂ ಆಗ್ನಿಲ್ಲ,” ಎಂದಳು ಅಜ್ಜಿ. “ಮನೆಗೆ ಬಂದ ಪಾತ್ರೆಯ ಅರೆಬರೆ ವಾಪಸ್ ಕೊಟ್ಟಾರಾ? ಮರ್ವಾದೆ ಬ್ಯಾಡ್ವಾ? ಮಗ, ಸೊಸೆ, ಮೊಮ್ಮಕ್ಳು, ಎಲ್ಲಾರೂ ಸೇರಿ ತುಂಬುಸ್ದೊ.”

ಪಕ್ಕದ ಮನೆಯವಳು ಸಂಕೋಚದಿಂದ ಮುಂದೆ ಬಂದಳು. “ನಮ್ಮನೇಲಿ ನಾವಿಬ್ರೇ ಸಾ. ಸಾಲ್ದೆ ಬಂತು. ಅಜ್ಜಿ ಮನೇಲಿ ಕೈಬದ್ಲು ಇಸ್ಕಂಡೆ.”

“ಇನ್ನೂ ಕೊಟ್ಟಿಲ್ಲ,” ಎಂದಳು ಅಜ್ಜಿ.

“ಕೊಡ್ತೀನಿ ಕಣಜ್ಜಿ, ಎಲ್ಲಿಗೋದಾತು?”

ಹಿಂದಿನಿಂದ ಒಬ್ಬ ಗಂಡಸು, ಕೇಳುವ ಮುಂಚೆಯೇ, ತನ್ನದರಲ್ಲಿ ಅರ್ಧ ಎತ್ತಿನದು ಎಂದು ಹೇಳಿಬಿಟ್ಟ. ಎತ್ತು ಚೆನ್ನಾಗಿ ಮೇಯ್ದಿತ್ತಂತೆ.

ದೊಡ್ಡ ಡಾಕ್ಟರು ಜಗಲಿಯ ಕಂಬ ಹಿಡಿದುಕೊಂಡರು. ಸಿಟ್ಟಿಗೆ ಇರಬೇಕು ಎಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಬಹಳ ಹೊತ್ತು ನಕ್ಕರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನಕ್ಕರು.

“ಉಪ್ಪಿನ ಲೆಕ್ಕವನ್ನು ಮೊದಲಿನಿಂದ ಮಾಡಿ,” ಎಂದರು ಡಾಕ್ಟರಮ್ಮನಿಗೆ. “ಸಣ್ಣ ಕ್ಯಾನು ಕಳಿಸುತ್ತೇನೆ. ಆದರೆ ಒಂದು ಮಾತು. ಕೇಳಿದ್ದಕ್ಕೆ ಇಷ್ಟು ಕೊಡುವ ಜನ ಕರೆದರೆ ಬರದೆ ಇರುತ್ತಾರೆಯೇ? ಕ್ಲಿನಿಕ್ ಈಗಲೇ ಶುರು ಮಾಡಿಬಿಡಿ. ಬರುವ ವಾರದಿಂದ.”

ನಾನು ಕ್ಯಾನು ಎತ್ತಿಡುವ ನೆಪದಲ್ಲಿ ಆಚೆ ಮುಖ ಮಾಡಿಕೊಂಡೆ.

ಹೊರಡುವಾಗ ಅಜ್ಜಿ ಓಡೋಡಿ ಬಂದಳು. ಮುಚ್ಚಳ ಬಿಗಿದ ದೊಡ್ಡ ಡಬ್ಬಿಯೊಂದನ್ನು ದೊಡ್ಡ ಡಾಕ್ಟರ ತೊಡೆಯ ಮೇಲೆ ಇಟ್ಟಳು. “ದಾರೀಲಿ ಕುಡೀರಿ ಸಾ. ಬಿಸ್ಲು ಜಾಸ್ತಿ ಅದೆ.” ಏನೆಂದು ಕೇಳುವ ಮೊದಲೇ ಜೀಪು ಹೊರಟಿತು.

ಡಬ್ಬಿ ಅವರ ಕೈಯಿಂದ ಡಾಕ್ಟರಮ್ಮನ ಕೈಗೆ ಬಂತು. ಅವರಿಂದ ನನಗೆ. ನಾನು ಡ್ರೈವರನ ಕಡೆ ನೋಡಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎಲ್ಲರಿಗೂ ಬಾಯಾರಿತ್ತು. ಕೊಳ್ಳೇಗಾಲ ಬರುವವರೆಗೂ ಮುಚ್ಚಳ ತೆಗೆಯುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಮಜ್ಜಿಗೆ. ಉಪ್ಪು ಜಾಸ್ತಿಯಾಗಿತ್ತು.